ಗಿರಿಜೆ ಕೇಳಿ ಪಡೆದ ವರ್ಷ

ಓದುವಾಗ ಗಿರಿಜೆಗೆ ಕಿವಿ ಕೇಳಿಸುತ್ತಿರಲಿಲ್ಲ. ಪಕ್ಕದಲ್ಲೇ ಹಾಲು ಉಕ್ಕಿ ಒಲೆಗೆ ಸುರಿದು ಮನೆಯೆಲ್ಲ ಸೀದ ವಾಸನೆ ಹಬ್ಬಿದರೂ ಅವಳು ಪುಟ ತಿರುವುತ್ತಲೇ ಇರುತ್ತಿದ್ದಳು. ಕೂಗಿ ಕೂಗಿ ಸಾಕಾಗಿ ಭುಜ ಹಿಡಿದು ಅಲ್ಲಾಡಿಸಿದರೆ, ದೂರದ ಊರಿನಿಂದ ಈಗಷ್ಟೇ ಬಸ್ಸಿಳಿದವಳ ಹಾಗೆ ಕಣ್ಣು ಕಿರಿದು ಮಾಡಿ, "ಕರೆದ್ರಾ ಅತ್ತಿಗೆ?" ಎನ್ನುತ್ತಿದ್ದಳು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದಿದ್ದುದು ಅವಳ ನಗು. ಯಾರೋ ಅವಳಿಗಷ್ಟೇ ಕೇಳುವ ಹಾಗೆ ಏನೋ ಹೇಳಿದರು ಎಂಬಂತೆ, ಪುಸ್ತಕದಿಂದ ತಲೆ ಎತ್ತದೆ ಒಬ್ಬಳೇ ನಗುತ್ತಿದ್ದಳು. ಒಳಗೆ ಅಕ್ಕಿ ಆರಿಸುತ್ತ ಕೂತ ನನಗೆ ಆ ನಗು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು.

ಗಿರಿಜೆ ನನ್ನ ಗಂಡನ ತಂಗಿ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಸೋಮವಾರಪೇಟೆಯಲ್ಲಿ ಮಾವನವರದು ಒಂದು ದಿನಸಿ ಅಂಗಡಿ, ಊರಾಚೆ ಮನೆ, ಮನೆಯ ಹಿಂದೆ ಸ್ವಲ್ಪ ಕಾಫಿ ತೋಟ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಕೊಡಗು ಆಗಿನ್ನೂ ಬೇರೆಯೇ ರಾಜ್ಯ. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಅಂಗಡಿ ಜಗುಲಿಯಲ್ಲಿ ಗಂಡಸರು ಗಂಟಲು ಹರಿದುಕೊಳ್ಳುತ್ತಿದ್ದ ಕಾಲ ಅದು.

ಆ ಬೇಸಿಗೆಯಲ್ಲಿ ಗಿರಿಜೆಗೆ ಒಳ್ಳೆಯ ಕಡೆಯಿಂದ ಗಂಡು ಬಂತು. ಮಾವ ಊಟಕ್ಕೆ ಕೂತಾಗ ವಿಷಯ ತೆಗೆದರು. ಅವಳು ಸಾರು ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟು ಹೇಳಿದಳು: "ಅಪ್ಪಾಜಿ, ನನಗೊಂದು ವರ್ಷ ಬಿಡಿ. ಆಮೇಲೆ ನೀವು ತೋರಿಸಿದೋರಿಗೆ ಕೊರಳು ಕೊಡ್ತೀನಿ. ಒಂದು ಮಾತೂ ಎದುರಾಡಲ್ಲ."

"ಒಂದು ವರ್ಷ ಏನ್ಮಾಡ್ತೀಯ?"

"ಓದ್ತೀನಿ."

"ಕಾಲೇಜಿಗೆ ಹೋಗ್ಬೇಕಾ?"

"ಬೇಡ. ಪರೀಕ್ಷೆಗಲ್ಲ, ಮನೇಲೇ ಕೂತು ಸುಮ್ನೆ ಓದೋದು. ಯಾರೂ ನನ್ನ ಕೆಲ್ಸಕ್ಕೆ ಕರೀಬಾರ್ದು."

ಮಾವ ಅನ್ನ ಕಲಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಬೈಯುತ್ತಾರೆ ಎಂದು ನಾನು ಕಾದೆ. ಬೈದರೆ ಚೆನ್ನ ಎಂದೂ ಅನಿಸಿತ್ತು. ಅವರು ಮಜ್ಜಿಗೆ ಹಾಕಿಸಿಕೊಂಡು, "ಈ ಸಲದ ಹೂಮಳೆ ಆಯ್ತಲ್ಲ, ಮುಂದಿನ ಹೂಮಳೆವರೆಗೆ ಓದ್ಕೋ. ಕಾಫಿ ಹೂವು ಬಿಡೋ ಹೊತ್ತಿಗೆ ಮದುವೆ," ಎಂದು ಎದ್ದು ಕೈತೊಳೆದರು. ಅಷ್ಟೇ.

ನಾನು ಎಂಟನೇ ಕ್ಲಾಸಿನವರೆಗೆ ಓದಿದವಳು. ಒಂಬತ್ತನೆಯದಕ್ಕೆ ಪುಸ್ತಕ ಕೊಂಡು ಹೊದಿಕೆ ಹಾಕಿಟ್ಟಿದ್ದೆ. ಅಷ್ಟರಲ್ಲಿ ಅಪ್ಪ, "ಇನ್ನು ಸಾಕು," ಎಂದರು, ಸಾಕಾಯಿತು. ಅಳುತ್ತ ಕೂತೆನೇ ಹೊರತು ಕೇಳಲಿಲ್ಲ. ಕೇಳಬಹುದು ಎಂದೇ ನನಗೆ ಗೊತ್ತಿರಲಿಲ್ಲ. ಕೇಳಿದರೆ ಕೊಡುತ್ತಾರೆ ಎಂದು ಇವಳಿಗೆ ಯಾರು ಹೇಳಿಕೊಟ್ಟರು? ಆ ರಾತ್ರಿ ಇವರಿಗೆ ಹಾಸಿಗೆ ಹಾಸುತ್ತ ದಿಂಬನ್ನು ಎಷ್ಟು ಜೋರಾಗಿ ಬಡಿದೆನೆಂದರೆ ಇವರು, "ದಿಂಬಿನ ಮೇಲ್ಯಾಕೆ ಸಿಟ್ಟು?" ಎಂದು ಕೇಳಿದರು.

ಮೊದಲು ಊರಿನ ವಾಚನಾಲಯದ ಕನ್ನಡ ಕಾದಂಬರಿಗಳು ಮುಗಿದವು. ಸಾಮಾನು ಕಟ್ಟಲು ಅಂಗಡಿಗೆ ಬರುತ್ತಿದ್ದ ಹಳೆಯ ಮಾಸಪತ್ರಿಕೆಗಳು ಮುಗಿದವು. ಒಂದು ಪುಸ್ತಕ ಶುರು ಮಾಡಿದರೆ ಅದು ಎಷ್ಟೇ ಸಪ್ಪೆಯಾಗಿದ್ದರೂ ಬಿಡುತ್ತಿರಲಿಲ್ಲ. "ಅರ್ಧಕ್ಕೆ ಬಿಟ್ರೆ ಒಳಗಿರೋರು ಕಾಯ್ತಿರ್ತಾರೆ ಅತ್ತಿಗೆ, ಪಾಪ," ಎನ್ನುತ್ತಿದ್ದಳು. ಒಳಗಿರುವವರ ಮೇಲೆ ಅಷ್ಟು ಕನಿಕರ! ಹೊರಗೆ ಎರಡು ಕೊಡ ಹೊತ್ತು ಬರುತ್ತಿದ್ದವಳು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಕರು ಬೇಲಿ ನುಗ್ಗಿ ಪಕ್ಕದ ಎಸ್ಟೇಟಿಗೆ ಹೋಯಿತು. ಅದನ್ನು ಹಿಡಿದು ತರಲು ಹೋದ ಗಿರಿಜೆ ಸಂಜೆ ತಿರುಗಿ ಬಂದಾಗ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕಂಕುಳಲ್ಲಿ ದಪ್ಪದೊಂದು ಇಂಗ್ಲಿಷ್ ಪುಸ್ತಕ. ಆ ಎಸ್ಟೇಟಿನ ಬಂಗಲೆಯಲ್ಲಿ ನೋರಾ ಎಂಬ ವಯಸ್ಸಾದ ದೊರೆಸಾನಿ ಇದ್ದರು. ತೋಟ ನೋಡಿಕೊಳ್ಳುತ್ತಿದ್ದ ಅಣ್ಣ ತೀರಿಕೊಂಡ ಮೇಲೆ ಅವರೊಬ್ಬರೇ. ತೋಟದ ಲೈನುಮನೆಗಳ ಆಳುಗಳ ಹತ್ತಿರ ಕಲಿತ ಕನ್ನಡ ಅವರದು, ನಡುನಡುವೆ ತಮಿಳು. ಯಾರಾದರೂ ಇಂಗ್ಲಿಷಿನವರು ಎಂದರೆ ಸಿಟ್ಟು ಬರುತ್ತಿತ್ತಂತೆ. "ನಾನ್ ಇಂಗ್ಲಿಷ್ ಇಲ್ಲ. ಐರಿಷ್. ಬೇರೆ ದೇಶ, ಬೇರೆ ಮಾತು," ಎನ್ನುತ್ತಿದ್ದರಂತೆ. ಹುಟ್ಟಿದ ಮನೆಯಲ್ಲಿ ಆಡುತ್ತಿದ್ದ ಮಾತನ್ನು ಅಣ್ಣ ಹೋದ ಮೇಲೆ ಅವರ ಜೊತೆ ಆಡುವವರು ಯಾರೂ ಇರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಗಿರಿಜೆ ಆ ಮಾತು ಕಲಿಯಲು ಶುರು ಮಾಡಿದ್ದಳು.

"ಅದನ್ನ ಕಲಿತು ಯಾರ ಹತ್ರ ಮಾತಾಡ್ತೀಯೆ?" ಎಂದೆ.

"ಅವರ ಹತ್ರ."

"ಅವರು ಊರಿಗೆ ಹೋದ್ಮೇಲೆ?"

"ಆಮೇಲೆ ಪುಸ್ತಕ ಇರುತ್ತಲ್ಲ ಅತ್ತಿಗೆ."

ದೊರೆಸಾನಿಯ ಹತ್ತಿರ ಆ ಭಾಷೆಯ ತೆಳ್ಳನೆಯ ಕತೆ ಪುಸ್ತಕವೊಂದಿತ್ತು. ಸಮುದ್ರದ ದಂಡೆಯ ಊರೊಂದರಲ್ಲಿ ಮುದುಕಿಯೊಬ್ಬಳು ದೋಣಿಯಲ್ಲಿ ಹೋದ ಮಗನಿಗಾಗಿ ಕಾಯುವ ಕತೆ. ಅಕ್ಷರವೇ ಬೇರೆ ಥರ, ಕೆಲವು ಅಕ್ಷರಗಳ ತಲೆಯ ಮೇಲೆ ಚುಕ್ಕಿ. ಗಿರಿಜೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ವಿವರಿಸುತ್ತಿದ್ದಳು: "ಬ ಅನ್ನೋದ್ರ ತಲೆ ಮೇಲೆ ಚುಕ್ಕಿ ಬಿದ್ರೆ ವ ಆಗುತ್ತೆ, ಗೊತ್ತಾ? ಇನ್ನೊಂದು ಕೇಳಿ. ಅವರಲ್ಲಿ ಹೌದು, ಇಲ್ಲ ಅನ್ನೋ ಮಾತೇ ಇಲ್ವಂತೆ. ಬಂದ್ಯಾ ಅಂದ್ರೆ ಬಂದೆ ಅನ್ಬೇಕು."

"ನಾವೂ ಹಂಗೇ ಅಲ್ವಾ ಹೇಳೋದು?" ಎಂದೆ ಒಲೆ ಊದುತ್ತ.

ಅವಳ ಮುಖ ಅರಳಿತು. "ಅಯ್ಯೋ ಹೌದಲ್ಲ! ನನಗೆ ಹೊಳೀಲೇ ಇಲ್ಲ." ಅದನ್ನು ದೊರೆಸಾನಿಗೆ ಹೇಳಲು ಆಗಲೇ ಬೇಲಿ ದಾಟಿ ಓಡಿದಳು. ನನಗೆ ಹೊಳೆದದ್ದನ್ನೂ ಅವಳೇ ಎತ್ತಿಕೊಂಡು ಹೋದಳಲ್ಲ ಎಂದು ಆ ದಿನವೆಲ್ಲ ನನಗೆ ಸಂಕಟ.

ಒಂದು ಸಲ ನನ್ನನ್ನೂ ಬಂಗಲೆಗೆ ಕರೆದುಕೊಂಡು ಹೋದಳು. ದೊರೆಸಾನಿ ನನಗೆ ಬೆತ್ತದ ಕುರ್ಚಿ ಕೊಟ್ಟು, ಟೀ ಕೊಟ್ಟು, "ಕೂತ್ಕೋ ಅಮ್ಮಾ," ಎಂದರು. ಗಿರಿಜೆ ಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದಳು. ತಡವರಿಸಿದಾಗ ಮುದುಕಿ ತುಟಿಯಲ್ಲೇ ತಿದ್ದುತ್ತಿದ್ದರು. ಆ ಸಲ ಒಂದಿಡೀ ಪುಟ ತಡವರಿಸದೆ ಬಂತು. ಮುದುಕಿ ಬಾಯಿಗೆ ಕೈ ಅಡ್ಡ ಹಿಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು. "ಅಮ್ಮ ಹೋಯ್ತು, ಅಣ್ಣ ಹೋಯ್ತು. ಈಗ ಈ ಹುಡುಗಿ ಬಾಯಲ್ಲಿ ಕೇಳ್ತಿದೆ," ಎಂದು ಅವಳ ಕೆನ್ನೆ ಸವರಿದರು. ನನ್ನ ಕೈಯಲ್ಲಿ ಟೀ ಆರಿ ಕೆನೆಗಟ್ಟಿತ್ತು. ನಾನು ಹುಟ್ಟಿದಾಗಿನಿಂದ ಎಷ್ಟೋ ಮಾತಾಡಿದ್ದೇನೆ, ನನ್ನ ಬಾಯಿಂದ ಬಂದ ಯಾವ ಮಾತಿಗೂ ಯಾರೂ ಹಾಗೆ ಕಣ್ಣೀರು ಹಾಕಿರಲಿಲ್ಲ.

ಕಾಫಿ ಹಣ್ಣು ಕೊಯ್ಲು ಬಂತು. ಬೆಳಿಗ್ಗೆಯಿಂದ ಆಳುಗಳಿಗೆ ಬೇಯಿಸಿ, ಕಣದಲ್ಲಿ ಹಣ್ಣು ಹರವಿ, ಸಂಜೆಗೆ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಒಂದು ಮಧ್ಯಾಹ್ನ ಗಿರಿಜೆಗೆ ಕಾಫಿ ತೆಗೆದುಕೊಂಡು ಹೋದೆ. ಮಾವ, ಇವರು ಇಬ್ಬರೂ ಅಲ್ಲೇ ಕೂತಿದ್ದರು. ಅವಳು ತಲೆ ಎತ್ತದೆ ಲೋಟಕ್ಕೆ ಕೈ ಚಾಚಿದಳು. ನಾನು ಲೋಟ ಕೊಡಲಿಲ್ಲ.

"ಮಾವ," ಎಂದೆ, "ನನಗೂ ಒಂದು ವರ್ಷ ಕೊಡಿ."

ಇವರು ನಕ್ಕುಬಿಟ್ಟರು. ಮಾವ ನಗಲಿಲ್ಲ. ಪಾಪ, ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಿನಗ್ಯಾಕಮ್ಮ? ನಿನ್ನ ಮದುವೆ ಆಗಿದೆಯಲ್ಲ," ಎಂದರು.

ಗಿರಿಜೆ ಪುಸ್ತಕ ಮುಚ್ಚಿದಳು. ನಾನು ನೋಡಿದ ಹಾಗೆ, ಪುಟದ ನಡುವೆ ಅವಳು ಪುಸ್ತಕ ಮುಚ್ಚಿದ್ದು ಅದೇ ಮೊದಲು. ನನ್ನ ಕೈಯಿಂದ ಲೋಟ ತೆಗೆದುಕೊಂಡು ನನ್ನ ಹಿಂದೆಯೇ ಒಳಗೆ ಬಂದು, "ನಾಳೆಯಿಂದ ಮಧ್ಯಾಹ್ನದ ಮೇಲೆ ಅಡಿಗೆಮನೆ ನಂದು. ನೀವು ಜಗುಲೀಲಿ ಕೂತ್ಕೊಳ್ಳಿ," ಎಂದಳು. ನಾನು ಮುಖ ತಿರುಗಿಸಿಕೊಂಡು ನಿಂತಿದ್ದೆ. ಅವಳು ಸುಮ್ಮನೆ ಬಿಡಲಿಲ್ಲ. "ಅತ್ತಿಗೆ, ಆ ಭಾಷೇಲಿ 'ನಾನು ಹೊಟ್ಟೆಕಿಚ್ಚಿನೋಳು' ಅನ್ನಲ್ಲ. 'ಹೊಟ್ಟೆಕಿಚ್ಚು ನನ್ನ ಮೇಲೆ ಇದೆ' ಅಂತಾರೆ. ದೇವರು ಮೈಮೇಲೆ ಬರುತ್ತಲ್ಲ, ಹಂಗೆ. ಬರುತ್ತೆ, ಇಳಿಯುತ್ತೆ."

"ಇಳೀದಿದ್ರೆ?"

"ಇಳೀದಿದ್ರೆ ಇರ್ಲಿ ಬಿಡಿ. ನನಗೇನು ಭಯ ಇಲ್ಲ," ಎಂದು ನಕ್ಕಳು.

ಅವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಗ.

ಮರುದಿನ ಜಗುಲಿಯಲ್ಲಿ ಪುಸ್ತಕ ಹಿಡಿದು ಕೂತೆ. ಎರಡು ಸಾಲು ಓದುವಷ್ಟರಲ್ಲಿ ತೂಕಡಿಕೆ ಬರುತ್ತಿತ್ತು. ಎಚ್ಚರವಾದಾಗ ಒಳಗೆ ಪಾತ್ರೆ ಸದ್ದಾದರೆ, ಗಿರಿಜೆ ಏನನ್ನು ಎಲ್ಲಿ ಇಡುತ್ತಾಳೋ ಎಂದು ಮನಸ್ಸು ಅಲ್ಲೇ. ಇಣುಕಿ ನೋಡಿದರೆ ಅವಳು ಒಂದು ಕೈಯಲ್ಲಿ ಮುದ್ದೆ ಕೋಲು, ಇನ್ನೊಂದು ಕೈಯಲ್ಲಿ ಐರಿಷ್ ಪುಸ್ತಕ. ಮುದ್ದೆಯೂ ಗಂಟಾಗಿರಲಿಲ್ಲ. ಬಿಡುವು ಕೊಟ್ಟರೂ ಓದಲಾರದವಳು ನಾನು, ಕೆಲಸ ಕೊಟ್ಟರೂ ಓದುವವಳು ಅವಳು! ಆ ಉರಿ ಹಿಂದಿನ ಎಲ್ಲ ಉರಿಗಳಿಗಿಂತ ಜಾಸ್ತಿ. ಆದರೆ ಜಗುಲಿ ಬಿಡಲಿಲ್ಲ. ಕೊಯ್ಲು ಮುಗಿಯುವಷ್ಟರಲ್ಲಿ ಒಂದು ಕಾದಂಬರಿಯ ಕೊನೆ ಮುಟ್ಟಿದೆ. ಯಾರಿಗೂ ಹೇಳಲಿಲ್ಲ. ಗಿರಿಜೆ ಏನೂ ಕೇಳದೆ ಇನ್ನೊಂದನ್ನು ತಂದು ಪಕ್ಕದಲ್ಲಿಟ್ಟಳು.

ಹೂಮಳೆ ಬಂತು. ಗಿರಿಜೆ ಕೊಟ್ಟ ಮಾತಿನಂತೆ ಒಂದು ಸೊಲ್ಲೂ ಎತ್ತದೆ ಹಸೆಮಣೆ ಏರಿದಳು. ಗಂಡನ ಮನೆ ಕುಟ್ಟದಲ್ಲಿ, ಕೇರಳದ ಗಡಿಯ ಹತ್ತಿರ, ಅವರದೂ ವ್ಯಾಪಾರದ ಮನೆತನ. ಅದಕ್ಕೆ ಸ್ವಲ್ಪ ಮೊದಲು ದೊರೆಸಾನಿ ಎಸ್ಟೇಟು ಮಾರಿ, ಆ ಪುಸ್ತಕವನ್ನು ಅವಳಿಗೇ ಕೊಟ್ಟು, ಹಡಗು ಹತ್ತಲು ಹೊರಟುಹೋಗಿದ್ದರು. ಮನೆ ಖಾಲಿಯಾಯಿತು. ಇನ್ನು ನನ್ನ ಉರಿ ಆರುತ್ತದೆ ಎಂದುಕೊಂಡೆ. ಗಂಡನ ಮನೆಯಲ್ಲಿ, ಪೂಜೆ ನೇಮದ ಅತ್ತೆಯ ಕೈಕೆಳಗೆ ಅವಳು ಹೇಗೆ ಓದುತ್ತಾಳೆ ನೋಡೋಣ ಎಂದೂ ಅನಿಸಿತ್ತು.

ನೋಡಲು ಹೋದೆ. ಮಡಿಕೇರಿಯಲ್ಲಿ ಬಸ್ಸು ಬದಲಾಯಿಸಿ ಕುಟ್ಟ ಸೇರುವಷ್ಟರಲ್ಲಿ ಸಂಜೆ. ಗಿರಿಜೆ ಸ್ವಲ್ಪ ಇಳಿದಿದ್ದಳು, ಮಾತು ಮಾತ್ರ ಅದೇ. ಬೆಳಿಗ್ಗೆ ಎಚ್ಚರವಾದಾಗ ದೇವರ ಮನೆಯಿಂದ ಅವಳ ದನಿ. ಅವಳ ಅತ್ತೆ ವಿಭೂತಿ ಧರಿಸಿ ಲಿಂಗಪೂಜೆಗೆ ಕೂತಿದ್ದರು. ಪಕ್ಕದಲ್ಲಿ ಗಿರಿಜೆ, ತೊಡೆಯ ಮೇಲೆ ಆ ತೆಳ್ಳನೆಯ ಪುಸ್ತಕ, ಗಟ್ಟಿಯಾಗಿ ಓದುತ್ತಿದ್ದಾಳೆ! ಪೂಜೆ ಮುಗಿಸಿ ಎದ್ದ ಅತ್ತೆ ನನಗೆ ಹೇಳಿದರು: "ನಿಮ್ಮ ಮನೆ ಹುಡುಗಿ ಕಲಿತು ಬಂದಿರೋ ಮಂತ್ರ ಎಷ್ಟು ಚೆಂದ ಕಣಮ್ಮ. ಯಾವ ಕಾಲದ್ದೋ ಏನೋ. ಅದು ಕೇಳದಿದ್ರೆ ನನಗೆ ಪೂಜೆ ಮಾಡಿದ ಹಂಗೇ ಆಗಲ್ಲ."

ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಇದೇನೇ ಇದು?" ಎಂದೆ.

"ಮಂತ್ರ ಅಂತ ನಾನು ಹೇಳಿಲ್ಲ ಅತ್ತಿಗೆ. ಮುದುಕಿ ಕತೆ ಅಂತಾನೇ ಹೇಳ್ದೆ. ಅವರೇ ಕೈ ಮುಗಿದ್ರು. ನಾನೇನ್ಮಾಡ್ಲಿ?" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೂ ನಗು ಬಂತು, ಹೊಟ್ಟೆಯೂ ಉರಿಯಿತು. ಯಾವ ಮನೆಗೆ ಹೋದರೂ ಇವಳಿಗೊಂದು ಜಾಗ ಸಿಕ್ಕೇ ಸಿಗುತ್ತದಲ್ಲ! ಬಸ್ಸು ಹತ್ತಿಸಲು ಬಂದವಳು ಕಿಟಕಿಯ ಹತ್ತಿರ ನಿಂತು, "ಮುಂದಿನ ಸಲ ನಾಲ್ಕು ದಿನ ಇರೋ ಹಂಗೆ ಬನ್ನಿ," ಎಂದಳು. ಅದೇ ಕೊನೆ.

ಕೊಡಗು ಮೈಸೂರಿಗೆ ಸೇರಿದ ವರ್ಷ ಜ್ವರ ಬಂದು ಗಿರಿಜೆ ತೀರಿಕೊಂಡಳು. ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತೀರಿಕೊಂಡವರಿಗಾಗಿ ಮಾಡುವ ಶಿವಗಣಾರಾಧನೆಗೆಂದು ಹಿಂದಿನ ದಿನವೇ ಕುಟ್ಟಕ್ಕೆ ಹೋಗಿ ಉಳಿದೆವು. ಬೆಳಿಗ್ಗೆ ಅವಳ ಅತ್ತೆ ಸ್ನಾನ ಮಾಡಿ, ವಿಭೂತಿ ಧರಿಸಿ, ದೀಪ ಹಚ್ಚಿ ಕೂತಿದ್ದರು. ಪೂಜೆ ಶುರು ಮಾಡಿರಲಿಲ್ಲ. ನಾನು ಬಾಗಿಲಲ್ಲಿ ನಿಂತದ್ದು ಕಂಡು ಕರೆದು, ಪಕ್ಕದ ಮಣೆ ತೋರಿಸಿದರು.

"ಅವಳು ಹೇಳ್ತಿದ್ಲಲ್ಲ, ಅದನ್ನ ಸ್ವಲ್ಪ ಹೇಳಮ್ಮ. ನಿಮ್ಮನೇಲೇ ಕಲಿತದ್ದು ಅಂದಿದ್ಲು. ನಿನಗೂ ಬರುತ್ತಲ್ವಾ?"

ನಾನು ಮಣೆಯ ಮೇಲೆ ಕೂತೆ. ನಾನು ಸತ್ತರೆ ಹೀಗೆ ದೀಪ ಹಚ್ಚಿಕೊಂಡು, ನನ್ನ ದನಿಗಾಗಿ ಕಾಯುವವರು ಯಾರೂ ಇರಲಾರರು ಎಂದು ಆ ಹೊತ್ತಿನಲ್ಲೂ ಅನಿಸಿತು.

"ಇಲ್ಲಮ್ಮ," ಎಂದೆ. "ಅದು ಅವಳೊಬ್ಬಳಿಗೇ ಬರ್ತಿತ್ತು."