ಮಜೀದಣ್ಣ ಕಟ್ಟಿದ ಮೂರು ಚಕ್ರದ ಗಾಡಿ

ಬೆಳಗಿನ ಐದೂಮುಕ್ಕಾಲು. ತಿಪಟೂರಿನಿಂದ ಹೊನ್ನವಳ್ಳಿ ಕಡೆಗೆ ಹೋಗುವ ರಸ್ತೆ ಒಂದು ಕಡೆ ಕೆರೆ ಏರಿಯನ್ನು ಹತ್ತುತ್ತದೆ. ಅದರ ಬುಡದಲ್ಲಿ ಅಂಗವಿಕಲರ ಮೂರು ಚಕ್ರದ ಸೈಕಲ್ಲೊಂದು ನಿಂತಿದೆ. ಮೇಲೆ ಕೂತಿರುವ ವ್ಯಕ್ತಿಯ ಎರಡು ಕಾಲೂ ನೆಟ್ಟಗಿವೆ. ಬೆನ್ನ ಹಿಂದೆ ಒಂದು ಮೂಟೆ ತೆಂಗಿನಕಾಯಿ ಹಗ್ಗದಿಂದ ಬಿಗಿದಿದೆ. ಬಲಗೈಯ ಹಿಡಿಕೆ ತಿರುಗಿಸಿದ್ದೇ ತಡ, ಗಾಡಿ ಗುಂಯ್ ಎನ್ನುತ್ತಾ ಏರು ಹತ್ತುತ್ತದೆ. ಅರ್ಧ ಹತ್ತಿದ ಮೇಲೆ ಅವರು ಬೇಕೆಂದೇ ಬ್ರೇಕು ಹಿಡಿದು ನಿಲ್ಲಿಸುತ್ತಾರೆ. ಮತ್ತೆ ಹೊರಡಿಸುತ್ತಾರೆ, ಹತ್ತು ಮಾರು ಹೋಗಿ ಮತ್ತೆ ನಿಲ್ಲಿಸುತ್ತಾರೆ.

ಏರಿಯ ಮೇಲೆ ಬಂದಮೇಲೆ ಇಳಿದು, ರಸ್ತೆಗೆ ಮಂಡಿಯೂರಿ, ಮುಂದಿನ ಚಕ್ರದ ನಟ್ಟಿನ ಮೇಲೆ ಟಾರ್ಚು ಬಿಡುತ್ತಾರೆ. ನಟ್ಟಿನಿಂದ ಪಕ್ಕದ ಕಬ್ಬಿಣದ ಪಟ್ಟಿಯ ತನಕ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗುತ್ತದೆ. ಉಗುರಿನಿಂದ ಸವರಿ ನೋಡಿ, ಗಾಡಿ ತಿರುಗಿಸಿಕೊಂಡು ಕೆಳಗಿಳಿಯುತ್ತಾರೆ. ಹೀಗೆ ದಿನಕ್ಕೆ ನಾಲ್ಕು ಸಲ. ನಾನು ನೋಡಿದ್ದು ಮೂವತ್ತೆಂಟನೆಯ ಬೆಳಗು.

ಹಾಲಿನ ಕ್ಯಾನು ಹೊತ್ತು ಸೈಕಲ್ ತಳ್ಳಿಕೊಂಡು ಬಂದ ಮರುಳಪ್ಪ ಎಂಬವರು ನಿಂತು ಕೇಳುತ್ತಾರೆ: "ಏನ್ ಸಾಬ್ರೇ, ಕಾಲು ಗಿರವಿ ಇಟ್ರಾ?"

"ಇಟ್ಟಿದ್ದೀನಿ ಕಣಪ್ಪ. ಬಿಡಿಸ್ಕೊಳಾಕೆ ಇನ್ನೂ ಟೇಮ್ ಐತೆ."

ನಕ್ಕು ಮಾತಾಡಿದರೂ ಮುಖದಲ್ಲಿ ನಗು ನಿಲ್ಲುವುದಿಲ್ಲ. ಐವತ್ತನಾಲ್ಕು ವರ್ಷದ ಮಜೀದ್ ತಿಪಟೂರಿನಲ್ಲಿ ಮೋಟಾರು ವೈಂಡಿಂಗ್ ಮಾಡುವವರು. ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸಿ ಕೊಡುವುದು ಮೂವತ್ತು ವರ್ಷದ ಕಸುಬು. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೋಟಾರು, ಮಳೆಗಾಲದಲ್ಲಿ ವಾರಕ್ಕೆ ಮೂರು. ಈ ಸೀಮೆಯಲ್ಲಿ ತೆಂಗಿನ ಗರಿ ಹಸಿರಾಗಿರುವುದಕ್ಕೆ ಇವರ ಕೈಯೂ ಒಂದು ಕಾರಣ. ಹಾಗೆಂದು ಯಾರೂ ಹೇಳಿದ್ದಿಲ್ಲ, ಇವರು ಕೇಳಿದ್ದೂ ಇಲ್ಲ.

"ಸ್ಫೂರ್ತಿ ಕೊಡುವಂಥದ್ದು ಏನಾದರೂ ತನ್ನಿ" ಎಂದು ಪತ್ರಿಕೆಯ ಪುರವಣಿಯವರು ನನ್ನನ್ನು ಕಳಿಸಿದ್ದರು. ಬ್ಯಾಟರಿ ಗಾಡಿ ಕಟ್ಟಿದ ಮೆಕ್ಯಾನಿಕ್ ಎಂದರೆ ಒಳ್ಳೆಯ ಸುದ್ದಿಯಲ್ಲವೇ ಎಂದು ಹೊರಟೆ. ತಂದದ್ದು ಇದು.

ಗಾಡಿ ಧನಲಕ್ಷ್ಮಿಯವರದು. ತಿಪಟೂರಿನಿಂದ ಆರು ಕಿಲೋಮೀಟರ್ ದೂರದ ಹಳ್ಳಿ, ವಯಸ್ಸು ಮೂವತ್ತೆಂಟು. ಎರಡು ವರ್ಷದ ಮಗುವಾಗಿದ್ದಾಗಲೇ ಪೋಲಿಯೊ ಬಂದು ಕಾಲುಗಳು ಸೊರಗಿದವು. ಹನ್ನೊಂದು ವರ್ಷದಿಂದ ಸದಾಶಿವಯ್ಯ ಎಂಬವರ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸ. ಕೂತು ಮಾಡುವ ಕೆಲಸ, ಆದರೆ ಎಲ್ಲರಿಗೂ ಬರುವಂಥದ್ದಲ್ಲ. ಉಂಡೆ ಕೊಬ್ಬರಿಯನ್ನು ಅಂಗೈಯಲ್ಲಿ ತೂಗಿ, ಒಮ್ಮೆ ಮೂಗಿಗೆ ಹಿಡಿದರೆ ಸಾಕು, ಒಳಗೆ ಕೆಟ್ಟಿದೆಯೋ ಇಲ್ಲವೋ ಒಡೆಯದೆ ಹೇಳುತ್ತಾರೆ. ಮಂಡಿಗೆ ಹೋಗಿಬರುವುದಕ್ಕೆ ದಿನಾ ಹನ್ನೆರಡು ಕಿಲೋಮೀಟರ್ ಕೈಯಿಂದಲೇ ಪೆಡಲು ತಿರುಗಿಸಬೇಕು. ಹನ್ನೊಂದು ವರ್ಷ ತಿರುಗಿಸಿ ಭುಜ ಹೋಯಿತು. ಇನ್ನು ಕೈಪೆಡಲು ಮುಟ್ಟಕೂಡದು ಎಂದರು ಡಾಕ್ಟರು. ಮುಟ್ಟದಿದ್ದರೆ ಮಂಡಿ ಇಲ್ಲ, ಮಂಡಿ ಇಲ್ಲದಿದ್ದರೆ ಮನೆಯ ಹೊಸ್ತಿಲೇ ಪ್ರಪಂಚ.

ಮಜೀದರ ಅಂಗಡಿ ಆ ಮಂಡಿಯ ಬೀದಿಯಲ್ಲೇ ಇದೆ. ಹೋದ ವರ್ಷ ದಸರೆಯ ಹೊತ್ತಿಗೆ ಧನಲಕ್ಷ್ಮಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಕೇಳಿದರಂತೆ: "ಮಜೀದಣ್ಣ, ಆರುನೂರು ಅಡಿ ಆಳದಿಂದ ನೀರು ಎತ್ತೋ ಮೋಟಾರು ಕಟ್ತೀರಿ. ನನ್ನೊಬ್ಬಳನ್ನ ಆರು ಕಿಲೋಮೀಟರ್ ತಳ್ಳೋ ಮೋಟಾರು ಕಟ್ಟಾಕಾಗಲ್ವಾ?"

ಆ ಮಾತು ಮಜೀದರಿಗೆ ನಾಟಿತು. ಎರಡು ವರ್ಷದ ಹಿಂದೆ ಊರೂರಿನಲ್ಲಿ ಬ್ಯಾಟರಿ ಸ್ಕೂಟರಿನ ಅಂಗಡಿಗಳು ಬಾಗಿಲು ತೆರೆದದ್ದು, ಅಷ್ಟೇ ಬೇಗ ಮುಚ್ಚಿದ್ದು ಓದುಗರಿಗೆ ನೆನಪಿರಬಹುದು. ಅವುಗಳ ಮೋಟಾರುಗಳು ತುಮಕೂರಿನ ಗುಜರಿಯಲ್ಲಿ ಬಿದ್ದಿದ್ದವು. ಚಕ್ರದ ನಡುವೆಯೇ ಕೂರುವ ಮೋಟಾರು ಅದು. ಕೈಪೆಡಲಿನ ಚೈನು ಹಿಂದಿನ ಚಕ್ರಕ್ಕೆ ಹೋಗುವುದರಿಂದ ಮುಂದಿನ ಚಕ್ರ ಖಾಲಿ ಇತ್ತು. ಅಲ್ಲಿಗೆ ಮೊದಲು ಇನ್ನೂರೈವತ್ತು ವ್ಯಾಟಿನದನ್ನು ಕೂರಿಸಿದರು. ಸಮತಟ್ಟಿನಲ್ಲಿ ಸಲೀಸಾಗಿ ಓಡಿತು, ಕೆರೆ ಏರಿಯ ಅರ್ಧದಲ್ಲಿ ಕೈಕೊಟ್ಟಿತು.

ಆಗ ಮಜೀದ್ ಮಾಡಿದ್ದು ಈ ಸೀಮೆಯ ಯಾವ ಮೋಟಾರಿನವನಾದರೂ ಮಾಡುವುದನ್ನೇ. ಇಲ್ಲಿ ವೋಲ್ಟೇಜು ಎಂದೂ ಪೂರ್ತಿ ಬರುವುದಿಲ್ಲ. ಅದಕ್ಕೇ ಐದು ಎಚ್‌ಪಿ ಸಾಕಾಗುವ ಬಾವಿಗೆ ಏಳೂವರೆ ಇಳಿಸುತ್ತಾರೆ. ಒಂದು ಮೆಟ್ಟಿಲು ಮೇಲಿನದನ್ನು ಹಾಕಿದರೆ ನಿಶ್ಚಿಂತೆ ಎಂಬುದು ಇಲ್ಲಿ ವೇದವಾಕ್ಯ. ಮಜೀದ್ ಒಂದಲ್ಲ, ಎರಡು ಮೆಟ್ಟಿಲು ಹತ್ತಿದರು. ದೊಡ್ಡ ಸ್ಕೂಟರಿನಿಂದ ಬಿಚ್ಚಿದ ಎಂಟುನೂರು ವ್ಯಾಟಿನ ಮೋಟಾರು, ಸೀಟಿನಡಿ ನಾಲ್ಕು ಬ್ಯಾಟರಿ. ಗಾಡಿ ಕುದುರೆಯ ಹಾಗೆ ಏರಿ ಹತ್ತಿತು. ಧನಲಕ್ಷ್ಮಿ ಹದಿನೇಳು ದಿನ ಅದರಲ್ಲಿ ಮಂಡಿಗೆ ಹೋಗಿಬಂದರು.

"ಬಾವೀಲಿ ಮೋಟಾರು ಪೈಪಿಗೆ ಬಿಗಿದಿರ್ತದೆ ಸಾರ್, ಅದು ಎಷ್ಟ್ ಒದ್ದರೂ ಪೈಪು ತಡ್ಕೋತದೆ," ಮಜೀದ್ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ವಿವರಿಸುತ್ತಾರೆ. "ಇಲ್ಲಿ ಚಕ್ರ ಮುಂದಕ್ಕೆ ತಿರುಗಿದ್ರೆ ನಡುವಿನ ಆಕ್ಸಲ್ಲು ಹಿಂದಕ್ಕೆ ತಿರುಗಾಕೆ ನೋಡ್ತದೆ. ಅದನ್ನ ಹಿಡ್ಕಂಡಿರೋದು ಸೈಕಲ್ ಫೋರ್ಕಿನ ಈ ಎರಡು ತಗಡು. ಬರೀ ಚಕ್ರ ಹೊರಾಕೆ ಮಾಡಿದ್ದು. ಮೋಟಾರು ಸರಿಯಾಗೇ ಆರಿಸ್ದೆ. ಅದನ್ನ ಹಿಡಿಯೋದು ಏನು ಅಂತ ಯೋಚ್ನೆ ಮಾಡ್ಲಿಲ್ಲ."

ಹದಿನೆಂಟನೆಯ ದಿನ, ಡಿಸೆಂಬರಿನಲ್ಲಿ, ಏರಿಯ ಮಧ್ಯೆ ಎದುರಿಗೆ ಬಸ್ಸು ಬಂತು. ಧನಲಕ್ಷ್ಮಿ ನಿಲ್ಲಿಸಿದರು. ಬಸ್ಸು ಹೋದಮೇಲೆ ಏರಿನಲ್ಲೇ ಮತ್ತೆ ಹೊರಡಿಸಿದರು. ಮೋಟಾರು ಒದ್ದ ಹೊಡೆತಕ್ಕೆ ತಗಡು ಬಾಯಿಬಿಟ್ಟು ಆಕ್ಸಲ್ಲು ಗಿರ್ರನೆ ತಿರುಗಿ, ಚಕ್ರ ಕಳಚಿಬಿತ್ತು. ಗಾಡಿ ಮಗುಚಿ ಏರಿಯ ಕೆಳಗೆ ಉರುಳಿತು. ಬಲ ಮುಂಗೈಯ ಎರಡು ಮೂಳೆ ಮುರಿದವು. ಕಾಲಿನ ಬಲ ಮೊದಲೇ ಇಲ್ಲದವರಿಗೆ ಕೈ ಎಂದರೆ ಏನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಊರ ಬಾಯಿಗೆ ಬೀಗ ಹಾಕಲಾದೀತೇ? 'ಬಾವಿ ಮೋಟಾರಿನೋನಿಗೆ ಗಾಡಿ ಯಾಕೆ ಬೇಕಿತ್ತು' ಎಂದವರೇ ಎಲ್ಲ. ಮಜೀದ್ ಆಸ್ಪತ್ರೆಗೆ ಎಂಟು ದಿನ ದಿನಾ ಹೋದರು, ಬಾಗಿಲ ಹತ್ತಿರ ನಿಂತು ಬಂದರು. "ಮನೇಲಿ ಊಟಕ್ಕೆ ಕೂತ್ರೂ ತಮ್ಮ ಬಲಗೈ ನೋಡ್ಕೊಂಡು ಕೂರ್ತಿದ್ರು ಕಣ್ರೀ," ಎನ್ನುತ್ತಾರೆ ಅವರ ಹೆಂಡತಿ ರುಕ್ಸಾನ. "ನಾನು ಏನೂ ಕೇಳ್ತಿರಲಿಲ್ಲ. ಕೇಳಿದ್ರೆ ಎದ್ದು ಹೋಗೋರು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಮಜೀದರ ಒಲೆ ಜನವರಿಯ ಕೊನೆಗೆ ಉರಿಯತೊಡಗಿತು. ಮುರಿದ ಗಾಡಿಗೆ ಹಳೆಯ ಮೊಪೆಡ್ಡಿನ ದಪ್ಪ ಫೋರ್ಕು ತಂದು ಹಾಕಿದರು. ಮೋಟಾರು ಅದೇ ಎಂಟುನೂರರದು, ಏಕೆಂದರೆ ಏರಿಗೆ ಅಷ್ಟು ಬಲ ಬೇಕೇ ಬೇಕು. ಲಾರಿಯ ಸ್ಪ್ರಿಂಗ್ ಪಟ್ಟಿಯ ಎರಡು ತುಂಡು ಕತ್ತರಿಸಿ, ಆಕ್ಸಲ್ಲನ್ನು ಕಚ್ಚಿ ಹಿಡಿಯುವ ಹಾಗೆ ಒಂದು ತುದಿಯಲ್ಲಿ ತೂತು ಮಾಡಿ, ಇನ್ನೊಂದು ತುದಿಯನ್ನು ಫೋರ್ಕಿಗೆ ಬೋಲ್ಟು ಮಾಡಿದರು. ಬೆಂಕಿ ತಗುಲಿದರೆ ಉಕ್ಕಿನ ಹದ ಕೆಡುತ್ತದೆಂದು ಆ ತೂತನ್ನು ಅರದಿಂದಲೇ ಉಜ್ಜಿದರು, ಒಂದೊಂದಕ್ಕೆ ಎರಡು ದಿನ. ಮೊದಲ ಜೋಡಿ ಸಡಿಲವಾಯಿತು, ಎರಡನೆಯದೂ ಆಯಿತು. ಮೂರನೆಯದು ನಿಂತಿತು.

ನಿಂತಮೇಲೆ ಗಾಡಿ ಒಪ್ಪಿಸಬಹುದಿತ್ತು. ಆದರೆ ಆ ಮನುಷ್ಯನಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಗಿತ್ತು. ಧನಲಕ್ಷ್ಮಿಯವರ ಭಾರದ ಎರಡರಷ್ಟು ಹೇರಿ, ಅವರು ಬಿದ್ದ ಜಾಗದಲ್ಲೇ ನಿಲ್ಲಿಸಿ ಹೊರಡಿಸಿ, ನಿಲ್ಲಿಸಿ ಹೊರಡಿಸಿ ನೋಡಿದರು. ಹಳ್ಳಿಗೆ ಹೇಳಿಕಳಿಸುತ್ತಿದ್ದದ್ದು ಒಂದೇ ಮಾತು: "ಇನ್ನೊಂದು ವಾರ."

ಯುಗಾದಿ ಕಳೆದ ಮೂರನೆಯ ದಿನ ಗಾಡಿ ಒಪ್ಪಿಸುವುದೆಂದಾಯಿತು. ನಾನೂ ಹೋಗಿದ್ದೆ. ಆರು ಕಿಲೋಮೀಟರನ್ನು ಮಜೀದ್ ತಾವೇ ಅದರಲ್ಲಿ ಕೂತು ಬಂದರು. ಧನಲಕ್ಷ್ಮಿ ಜಗುಲಿಯಿಂದ ಇಳಿದು, ಪಟ್ಟಿಯನ್ನು ಮುಟ್ಟಿ ನೋಡಿ, ಸೀಟಿಗೆ ಏರಿ ಕೂತರು. ಬಲ ಮುಂಗೈ ಸ್ವಲ್ಪ ಸೊಟ್ಟಗೇ ಕೂಡಿಕೊಂಡಿದೆ. ಬೀದಿಯ ಕೊನೆಯ ತನಕ ಹೋಗಿ ತಿರುಗಿಸಿಕೊಂಡು ಬಂದರು.

"ಚೆನ್ನಾಗಿ ಕಟ್ಟಿದ್ದೀರಿ ಅಣ್ಣ."

"ನಾಳೆಯಿಂದ ಮಂಡಿಗೆ ಹೋಗ್ಬೋದು ಧನಲಕ್ಷ್ಮಮ್ಮ. ಹೆದರ್ಕೋಬೇಡಿ."

ಧನಲಕ್ಷ್ಮಿ ಸೆರಗಿನಿಂದ ಹ್ಯಾಂಡಲ್ ಒರೆಸಿದರು. "ಮಂಡಿ ಜಾಗ ಹೋಯ್ತು ಅಣ್ಣ. ಸದಾಶಿವಯ್ಯನೋರು ಶಿವರಾತ್ರಿವರ್ಗೂ ಇಟ್ಟಿರ್ತೀನಿ ಅಂದಿದ್ರು. ಹೇಳಿದ್ದಕ್ಕಿಂತ ಇನ್ನೂ ಹದಿನೈದು ದಿನ ಕಾದ್ರು. ಈಗ ಬೇರೆಯವರು ಬತ್ತಾವ್ರೆ."

ಮಜೀದ್ ಬಗ್ಗಿ ಮುಂದಿನ ಚಕ್ರದ ನಟ್ಟನ್ನು ಉಗುರಿನಿಂದ ಸವರಿದರು. ಈ ಗಡುವಿನ ಸುದ್ದಿ ಅವರಿಗೆ ಯಾಕೆ ಹೇಳಲಿಲ್ಲ ಎಂದು ಧನಲಕ್ಷ್ಮಿಯವರನ್ನು ನಾನೇ ಕೇಳಿದೆ.

"ಹೇಳಿದ್ರೆ ಅವಸರ ಮಾಡೋರು ಸಾರ್. ಅವಸರದಲ್ಲಿ ಮತ್ತೆ ಏನಾರ ಆದ್ರೆ ಅಂತ ನಂಗೂ ಭಯ ಇತ್ತು."

ತಾಳಿದವನು ಬಾಳಿಯಾನು ಎನ್ನುತ್ತದೆ ಗಾದೆ. ಇಲ್ಲಿ ತಾಳಿದ್ದೇ ತಪ್ಪಾಯಿತು. ಮರುದಿನ ಮಂಡಿಗೆ ಹೋಗಿ ಸದಾಶಿವಯ್ಯನವರನ್ನು ಕಂಡೆ. ಅವರನ್ನು ದೂರುವುದಕ್ಕೂ ಮನಸ್ಸು ಬರಲಿಲ್ಲ. "ಹನ್ನೊಂದು ವರ್ಷದಲ್ಲಿ ಆಯಮ್ಮ ಆರಿಸಿದ ಮಾಲು ಒಂದ್ಸಲಾನೂ ವಾಪಸ್ ಬಂದಿಲ್ಲ ಕಣ್ರೀ. ಆದ್ರೆ ಅಟ್ಟದಲ್ಲಿ ಒಣಗಿ ಇಳಿದ ಕೊಬ್ಬರಿ ಕಾಯ್ತದಾ? ಈಗ ಬಂದಿರೋಳಿಗೂ ಮಕ್ಕಳವೆ, ಹೆಂಗ್ ಎಬ್ಬಿಸ್ಲಿ?" ಎಂದರು. ಧನಲಕ್ಷ್ಮಿ ಬೇರೆ ಎರಡು ಮಂಡಿಗಳಲ್ಲಿ ಕೇಳಿದ್ದಾರೆ. ಹೇಳಿಕಳಿಸುತ್ತೇವೆ ಅಂದಿದ್ದಾರಂತೆ.

ಗಾಡಿ ಒಪ್ಪಿಸಿದ ದಿನ ಬರುವಾಗ ನಾನೂ ಮಜೀದರೂ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾದು ನಿಂತಿದ್ದೆವು. ಅವರೇ ಹೇಳಿದರು.

"ಶಿವರಾತ್ರಿ ಹೊತ್ಗೇ ರೆಡಿ ಆಗಿತ್ತು ಸಾರ್ ಗಾಡಿ. ಅದು ಸರಿಯಾಗೇ ಇತ್ತು. ನಾನೇ ನಂಬ್ಲಿಲ್ಲ."

ಇಂಥ ಲೇಖನದ ಕೊನೆಗೆ ನಿಮ್ಮ ಆಸೆಯೇನು ಎಂದು ಕೇಳುವುದು ವಾಡಿಕೆ. ಕೇಳಬಾರದಿತ್ತು, ಕೇಳಿಬಿಟ್ಟೆ. ಮಜೀದ್ ತಮ್ಮ ಎರಡು ಅಂಗೈಗಳನ್ನೂ ಲುಂಗಿಗೆ ಒರೆಸಿಕೊಂಡರು.

"ಆಯಮ್ಮ ನನ್ನ ಒಂದ್ಸಲ ಬೈದ್ಬುಡ್ಲಿ ಸಾರ್. ಬಿದ್ದಾಗ್ಲೂ ಬೈಲಿಲ್ಲ, ಇವತ್ತೂ ಬೈಲಿಲ್ಲ. ಚೆನ್ನಾಗಿ ಕಟ್ಟಿದ್ದೀರಿ ಅಂತಾರೆ. ಅದನ್ನ ಹೆಂಗ್ ಹೊತ್ಕಂಡು ಮನೆಗ್ ಹೋಗ್ಲಿ?"