ಮುನಿಯಮ್ಮನ ಅಂಗಿಯ ತೂಕ

ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ! ಡಿಸೆಂಬರಿನ ಒಂದು ಬೆಳಿಗ್ಗೆ ರೈಲು ಬದಲಿಸಲು ಬಂಗಾರಪೇಟೆಯಲ್ಲಿ ಇಳಿದರೆ ಪ್ಲಾಟ್‌ಫಾರಂ ತುಂಬ ಅಂಥ ಹೆಂಗಸರೇ. ನಮ್ಮ ಅಂಕೋಲೆ ಪೇಟೆಯಲ್ಲಾಗಿದ್ದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು. ಅವತ್ತು ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ತೆಳ್ಳನೆಯ ವಾಯಿಲ್ ಸೀರೆಯುಟ್ಟು ಬಂದು ಗಡಗಡ ನಡುಗುತ್ತಿದ್ದೆ. ಸಮುದ್ರದ ಪಕ್ಕ ಹುಟ್ಟಿದವರಿಗೆ ಚಳಿ ಎಂದರೆ ಜ್ವರ ಬಂದಾಗ ಆಗುವುದು, ಅಷ್ಟೇ ತಾನೆ?

ನಮ್ಮವರಿಗೆ ಮಾರಿಕುಪ್ಪಂ ರೈಲುಮಾರ್ಗದಲ್ಲಿ ಹಳಿ ನೋಡಿಕೊಳ್ಳುವ ಕೆಲಸ. ಉರಿಗಾಂನಲ್ಲಿ ಹಿಂದೆ ಚಿನ್ನದ ಗಣಿಯ ಕೂಲಿಗಳಿದ್ದ ಸಾಲುಮನೆಗಳ ಲೈನಿನಲ್ಲಿ ಬಾಡಿಗೆ ಮನೆ ಸಿಕ್ಕಿತು. ತಲೆ ಬಗ್ಗಿಸಿ ಒಳಹೋಗುವ ಬಾಗಿಲು, ಹಿಂದೆ ಗಣಿಯ ಹೊಟ್ಟೆಯಿಂದ ತೆಗೆದು ಸುರಿದ ಬಿಳಿ ಮಣ್ಣಿನ ಗುಡ್ಡಗಳು. ಊರಿನಲ್ಲಿ ಕಿಟಕಿ ತೆರೆದರೆ ಅಲೆ, ಇಲ್ಲಿ ತೆರೆದರೆ ಈ ಗುಡ್ಡ. ಮನುಷ್ಯರು ಒಳಗಿಂದ ಇಷ್ಟನ್ನೂ ಹೊತ್ತು ತಂದರೇ ಎಂದು ಮೊದಲ ವಾರವೆಲ್ಲ ಬೆರಗಾಗಿ ನೋಡಿದೆ. ಬೀದಿಯಲ್ಲಿ ಒಬ್ಬರು ಬಿಸಿಲು ಎಂದರೆ ಇನ್ನೊಬ್ಬರು ತೆಲುಗಿನಲ್ಲಿ ಎಂಡ, ಮತ್ತೊಬ್ಬರು ತಮಿಳಿನಲ್ಲಿ ವೆಯಿಲ್ ಅನ್ನುತ್ತಾರೆ. ಒಂದೇ ಸೂರ್ಯನಿಗೆ ಇಷ್ಟು ಜನ ಇಷ್ಟು ಬಗೆಯಲ್ಲಿ ಬೈಯುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ನಾನು ಹೊಲಿಗೆಯವಳು. ಮೆಷಿನ್ನನ್ನು ಬಾಗಿಲ ಬಳಿ ಇಟ್ಟುಕೊಂಡು ಒಬ್ಬಳೇ ಕೂತಿರುತ್ತಿದ್ದೆ. ಮಾತಾಡಿಸುವವರೇ ಇಲ್ಲ ಎಂದು ಅಳು ಬರುವಷ್ಟಾದಾಗ ಬಂದವರು ಮುನಿಯಮ್ಮ. ಹತ್ತಿರದ ಹಳ್ಳಿಯವರು, ಟೊಮೆಟೊ ಬಿಡಿಸುವ ಕೂಲಿ. ಅವರ ಮೈಮೇಲಿದ್ದದ್ದು ತೀರಿಹೋದ ಗಂಡನ ಅಂಗಿ, ಗಣಿಗೆ ಇಳಿಯುವಾಗ ತೊಡುತ್ತಿದ್ದ, ಡ್ರಿಲ್ ಎಂಬ ದಪ್ಪ ಖಾಕಿ ಹತ್ತಿಬಟ್ಟೆಯದು. ಹೆಗಲ ಹತ್ತಿರ ಜರಡಿಯಾಗಿತ್ತು. ಇಂಥದ್ದೇ ಒಂದು ಹೊಲಿದುಕೊಡು ಎಂದರು. ಅದಿಲ್ಲದೆ ಹೊಲದಲ್ಲಿ ನಿಲ್ಲಲು ಆಗುವುದಿಲ್ಲವಂತೆ. ಗಿಡದ ಮೇಲಿನ ಸಣ್ಣ ರೋಮದಂಥ ಸುಂಕು ತಾಗಿ ಕೈಗೆಲ್ಲ ಕೆರೆತ, ಮೇಲಿಂದ ಬಿಸಿಲು.

ಬಿಸಿಲಿಗೆ ತಾನೆ ಎಂದು ಎಲ್ಲಕ್ಕಿಂತ ತೆಳುವಾದ ಹತ್ತಿಬಟ್ಟೆ ಆರಿಸಿದೆ. ನಮ್ಮ ಕಡೆ ಸೆಖೆಗೆ ಅದೇ ಮದ್ದು, ಬೆವರು ಗಾಳಿಗೆ ಆರಬೇಕು. ಎರಡೇ ದಿನಕ್ಕೆ ಮುನಿಯಮ್ಮ ವಾಪಸು ಬಂದರು.

"ನೋಡಕ್ಕೆ ಚೆಂದಾಗೈತೆ ಕಣಮ್ಮ. ಬಿಸ್ಲು ಮಾತ್ರ ಕೇಳ್ದೇನೇ ಒಳಕ್ಕೆ ಬಂದ್ಬುಡ್ತದೆ."

ತೋಳು ಮಡಚಿ ತೋರಿಸಿದರು, ಕೆಂಪಗೆ ಕಂದಿತ್ತು. ಹಾಗಾದರೆ ಟೆರಿಕಾಟೇ ಆಗಲಿ, ಹರಿಯುವುದಿಲ್ಲ, ಬೇಗ ಒಣಗುತ್ತದೆ ಎಂದು ಅವರೇ ಹೇಳಿದರು. ನಾನು ಒಪ್ಪಲಿಲ್ಲ. ಅದು ಬೆವರು ಕುಡಿಯುವುದಿಲ್ಲ, ಮೈಗೆ ಅಂಟಿ ಬೇಯಿಸುತ್ತದೆ ಎಂದು ಜಗಳವನ್ನೇ ಮಾಡಿದೆ. ಹತ್ತಿಯೇ ಆಗಬೇಕು, ಆದರೆ ಎಷ್ಟು ದಪ್ಪ? ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಕೊನೆಗೆ ತೂಗಿಯೇ ನೋಡೋಣವೆಂದು ಇಬ್ಬರೂ ಮೂಲೆಯ ತರಕಾರಿ ಅಂಗಡಿಗೆ ಹೋದೆವು. ತಕ್ಕಡಿಯ ಒಂದು ತಟ್ಟೆಯಲ್ಲಿ ಹಳೆಯ ಡ್ರಿಲ್, ಇನ್ನೊಂದರಲ್ಲಿ ನನ್ನ ತೆಳು ಅಂಗಿ. ನನ್ನದು ಸೊಯ್ಯನೆ ಮೇಲೆ ಹೋಯಿತು. ಅಂಗಡಿಯವನು ಬೀನ್ಸ್ ತೂಗುವುದನ್ನು ಬಿಟ್ಟು ನಕ್ಕ. ನಾನೂ ನಕ್ಕೆ. ಈ ಊರಿಗೆ ಬಂದ ಮೇಲೆ ಅದೇ ಮೊದಲು ಇರಬೇಕು.

ಬಂಗಾರಪೇಟೆಯ ಪೇಟೆಯಲ್ಲಿ ಹಾಸಿಗೆ ಚೀಲಕ್ಕೆಂದು ಮಾರುವ ಕೋರಾ ಬಟ್ಟೆ ಸಿಕ್ಕಿತು. ಕೋರಾ ಎಂದರೆ ಬಿಳುಪು ಮಾಡದ, ಬಣ್ಣ ಹಾಕದ ಹತ್ತಿ, ಗೋಣಿಯಷ್ಟು ಒರಟು. ನೆನೆಸಿ, ಗಂಜಿ ಬಿಡಿಸಿ, ಕುಗ್ಗುವಷ್ಟು ಕುಗ್ಗಲು ಬಿಟ್ಟು ಆಮೇಲೆ ಹೊಲಿದೆ. ಮತ್ತೆ ತಕ್ಕಡಿ. ಈ ಸಲ ಮುಳ್ಳು ಹತ್ತಿರ ಹತ್ತಿರ ಬಂತು, ಆದರೂ ಡ್ರಿಲ್ಲಿನ ಕಡೆಯೇ ಕೊಂಚ ತಗ್ಗಿತ್ತು. ಇನ್ನೂ ಒಂದು ಪದರ ಬೇಕು, ಹೆಗಲಿಗೆ ಮಾತ್ರ, ಬಿಸಿಲು ನೇರ ಬೀಳುವಲ್ಲಿ. ಎಂಥ ಬಟ್ಟೆ ಎಂದು ನಾನು ಯೋಚಿಸುತ್ತಿದ್ದೆ. ಮುನಿಯಮ್ಮ ಹಳೆಯ ಅಂಗಿಯ ಗಟ್ಟಿಯಿದ್ದ ಕೆಳಭಾಗವನ್ನು ನೀವಿ ನನ್ನ ಮುಂದೆ ಹಿಡಿದರು.

ನನ್ನ ಕೈ ಏಳಲಿಲ್ಲ. ಅವರ ಪೆಟ್ಟಿಗೆಯಲ್ಲಿ ಗಂಡನದೆಂದು ಉಳಿದದ್ದು ಅದೊಂದೇ ಎಂದು ನನಗೆ ಗೊತ್ತಿತ್ತು.

"ಆಯಪ್ಪ ಇದ್ದಷ್ಟು ದಿನ ಭೂಮಿ ಒಳ್ಗೇ ಇದ್ದ, ಬಿಸ್ಲೇ ಕಂಡಿಲ್ಲ," ಎಂದರು ಮುನಿಯಮ್ಮ. "ಇವಾಗ ನನ್ ಭುಜದ ಮ್ಯಾಲೆ ಕೂತ್ಕಂಡು ಎಂಗಿರ್ತದೆ ಅಂತ ನೋಡ್ಲಿ. ಕತ್ರಿ ಇಕ್ಕು ಕಣಮ್ಮ."

ಕತ್ತರಿಸಿದೆ. ಕಣ್ಣು ಮಂಜಾಗಿ ಗೆರೆ ಸ್ವಲ್ಪ ಸೊಟ್ಟಗಾಯಿತು. ಖಾಕಿಯನ್ನು ಹೆಗಲ ಒಳಗೆ ಅಸ್ತರಾಗಿ ಕೊಟ್ಟು ಜೋಡಿ ಹೊಲಿಗೆ ಹಾಕಿದೆ. ಮೂರನೆಯ ಸಲ ತಕ್ಕಡಿಗೆ ಹೋಗಲಿಲ್ಲ. ಮುನಿಯಮ್ಮ ತೊಟ್ಟುಕೊಂಡು ಲೈನಿನ ತುದಿಯವರೆಗೆ ಬಿಸಿಲಿನಲ್ಲಿ ನಡೆದು ಬಂದರು. ಹೆಗಲು ಮುಟ್ಟಿಕೊಂಡು, ತಣ್ಣಗೈತೆ ಎಂದರು. ಇಷ್ಟು ಒರಟು ಬಟ್ಟೆ ಬೆಳಗಿನ ಚಳಿಯನ್ನೂ ನಡುಹಗಲ ಬೆಂಕಿಯನ್ನೂ ಹೊರಗೇ ನಿಲ್ಲಿಸುವುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವರ ಹಿಂದೆಯೇ ಉಳಿದ ಹೆಂಗಸರೂ ಬಂದರು, ಮನೆಯ ಗಂಡಸರ ಹಳೆಯ ಅಂಗಿಗಳನ್ನು ಕಂಕುಳಲ್ಲಿಟ್ಟುಕೊಂಡು. ನಾನೂ ಕೋರಾದಲ್ಲಿ ನನಗೊಂದು ಹೊಲಿದುಕೊಂಡೆ, ಹೆಗಲಿಗೆ ನಮ್ಮವರ ಅಂಗಿಯ ಅಸ್ತರು ಕೊಟ್ಟು.

ಮೊನ್ನೆ ಅದನ್ನೇ ಸೀರೆಯ ಮೇಲೆ ತೊಟ್ಟು ಊರಿಗೆ ಹೊರಟೆ. ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಯಾರೂ ನನ್ನನ್ನು ತಿರುಗಿ ನೋಡಲಿಲ್ಲ, ಎಷ್ಟು ಖುಷಿಯಾಯಿತೆಂದರೆ! ಬಸ್ಸು ಘಟ್ಟ ಇಳಿಯುತ್ತಿದ್ದಂತೆ ಅಂಗಿ ಒದ್ದೆಯಾಗಿ ಮೈಗೆ ಅಂಟತೊಡಗಿತು. ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ. ಮನೆಯಲ್ಲಿ ಅಮ್ಮ ಅದನ್ನೆತ್ತಿ, ಇದೆಂಥದು ಇಷ್ಟು ಭಾರ, ಯಾರದ್ದು ಮಾರಾಯ್ತಿ ಎಂದು ಕೇಳಿದಳು. ನನ್ನದೇ ಎಂದೆ. ನಂಬಲಿಲ್ಲ.

ವಾಪಸು ಬರುವಾಗ ಘಟ್ಟದ ಮೇಲೆ ತಣ್ಣನೆ ಗಾಳಿ ಬೀಸಿತು. ಅಂಗಿ ತೊಟ್ಟು ಗುಂಡಿ ಹಾಕಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, ಊರಿಗೆ ಹೊರಟಿರಾ ಎಂದು ಕೇಳಿದರು. ಹೌದು ಎಂದೆ. ಹೋಗುವಾಗ ಕೇಳಿದವರಿಗೂ ಅದನ್ನೇ ಹೇಳಿದ್ದೆ.