ಶುಂಠಿ ಎಲೆಯ ಮೇಲಿನ ಮಸಿಬೊಟ್ಟು

ನೀಲಾಂಬಿಕೆ ತೀರಿಕೊಂಡು ಎರಡು ತಿಂಗಳಾಯಿತು. ಮಿದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆ ಸೇರಿದ ಮರುದಿನವೇ ಹೋದಳು. ಹುಣಸೂರಿನ ಕಾಲೇಜೊಂದರಲ್ಲಿ ಅವಳು ಕಂಪ್ಯೂಟರ್ ಪಾಠ ಮಾಡುತ್ತಿದ್ದಳು, ನಾನು ಇತಿಹಾಸ. ಸ್ಟಾಫ್ ರೂಮಿನಲ್ಲಿ ನಮ್ಮದು ಅಕ್ಕಪಕ್ಕದ ಕುರ್ಚಿ. ಈಗ ಆ ಕುರ್ಚಿಯಲ್ಲಿ ಹೊಸಬರೊಬ್ಬರು ಕೂರುತ್ತಾರೆ, ಒಳ್ಳೆಯವರು.

ಪಾಠದ ಜೊತೆಗೇ ಅವಳು ಮೈಸೂರಿನ ವಿಶ್ವವಿದ್ಯಾನಿಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಶುಂಠಿ ಎಲೆಯ ಫೋಟೊ ನೋಡಿ ರೋಗವಿದೆಯೋ ಇಲ್ಲವೋ ಹೇಳುವಂತೆ ಕಂಪ್ಯೂಟರಿಗೆ ಕಲಿಸುವುದು ಅವಳ ವಿಷಯ. ಕಲಿಸುವುದೆಂದರೆ ನಿಯಮ ಹೇಳಿಕೊಡುವುದಲ್ಲ. ಸಾವಿರಾರು ಫೋಟೊ ಕೊಟ್ಟು, ಇವು ರೋಗದವು, ಇವು ಚೆನ್ನಾಗಿರುವವು ಎಂದಷ್ಟೇ ತಿಳಿಸಬೇಕು. ವ್ಯತ್ಯಾಸ ಎಲ್ಲಿದೆ ಎಂಬುದನ್ನು ಅದೇ ಹುಡುಕಿಕೊಳ್ಳುತ್ತದೆ.

ಅವಳ ಅಮ್ಮ ಮಾದೇವಮ್ಮನಿಗೆ ಅಷ್ಟೆಲ್ಲ ಬೇಕಿರಲಿಲ್ಲ. "ಈ ಯುಗಾದಿಗಾದ್ರೂ ಡಾಕ್ಟ್ರಾಯ್ತೀಯೇನವ್ವ?" ಎಂದು ಕೇಳುತ್ತಿದ್ದರು. ನೀಲಳಿಗೂ ಆ ಪದವಿ ಬೇಕಿತ್ತು. ಕೆಲಸ ಕಾಯಂ ಆಗಲು ಅದೊಂದೇ ಬಾಕಿ.

ಎರಡು ಮಳೆಗಾಲ ಸ್ಕೂಟರಿನಲ್ಲಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಲಗಳನ್ನು ಸುತ್ತಿದಳು. ರಜೆಯಿದ್ದರೆ ನಾನೂ ಹಿಂದೆ ಕೂರುತ್ತಿದ್ದೆ. ರೋಗದ ಗಿಡ ತೋರಿಸಲು ಯಾರೂ ತಕರಾರು ಮಾಡಲಿಲ್ಲ. ಚೆನ್ನಾಗಿರುವ ಗಿಡದ ಫೋಟೊ ಎಂದರೆ ಮಾತ್ರ ದೃಷ್ಟಿ ತಾಗುತ್ತದೆಂದು ಹೆಂಗಸರು ಅಡ್ಡ ಬರುತ್ತಿದ್ದರು. ಬೀಚನಹಳ್ಳಿಯ ತಿಮ್ಮಮ್ಮನಂತೂ ಒಲೆಯ ಮಸಿ ತಂದು ಎಲೆಗೊಂದು ಬೊಟ್ಟಿಡದೆ ಮೊಬೈಲ್ ಎತ್ತಲೂ ಬಿಡುತ್ತಿರಲಿಲ್ಲ.

"ಮಗೀಗೆ ಇಡಾಕಿಲ್ವಾ? ಅಂಗೇ ಕಣವ್ವ. ನಿನ್ ಕಣ್ಣು ಒಳ್ಳೇದೇ ಬುಡು, ಆ ಪೋನಿನ್ ಕಣ್ಣು ಎಂತದೋ ಯಾರ್ ಕಂಡೋರು?"

ನೀಲ ನಗುತ್ತ ಒಪ್ಪಿದಳು. ಹೋದ ಊರುಗಳಲ್ಲೆಲ್ಲ ಹೆಚ್ಚುಕಡಿಮೆ ಹೀಗೆಯೇ ಆಯಿತು.

ಪರೀಕ್ಷಿಸಿದಾಗ ಕಂಪ್ಯೂಟರ್ ನೂರಕ್ಕೆ ತೊಂಬತ್ತಾರು ಸರಿ ಹೇಳಿತು. ಸಮ್ಮೇಳನವೊಂದು ಅವಳ ಪ್ರಬಂಧವನ್ನು ಒಪ್ಪಿಕೊಂಡಿತು. ಥೀಸಿಸ್ ಬರೆದುಕೊಡುವುದಷ್ಟೇ ಉಳಿದಿತ್ತು. ಬರೆಯುವ ಮೊದಲು, ಕಂಪ್ಯೂಟರ್ ಕಲಿತದ್ದನ್ನು ಮೊಬೈಲಿಗೆ ಹಾಕಿಕೊಂಡು ತಿಮ್ಮಮ್ಮನಿಗೆ ತೋರಿಸಿ ಬರೋಣವೆಂದು ಹೊರಟೆವು.

ತಿಮ್ಮಮ್ಮನ ಮಸಿಬೊಟ್ಟಿಗೂ ಕಾಯದೆ, ಹಸಿರಾಗಿ ನಳನಳಿಸುತ್ತಿದ್ದ ಎಲೆಗೆ ಮೊಬೈಲ್ ಹಿಡಿದಳು. 'ರೋಗ' ಎಂದು ಬಂತು. ಪಕ್ಕದ ಗಿಡಕ್ಕೂ 'ರೋಗ'.

"ಬಾಯ್ ಬುಟ್ಟು ಅಂದೇಬುಡ್ತಲ್ಲ ನಿನ್ ಮಿಸನ್ನು!" ತಿಮ್ಮಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತರು. "ನನ್ ಬೆಳೆಗೆ ಏನ್ ದಾಡಿ ಬಂದಿರದು?"

ನೀಲ ಬದುವಿನ ಹತ್ತಿರ ಹಳದಿಗಟ್ಟಿ ಬಾಡಿದ್ದ ಗಿಡವೊಂದರ ಮುಂದೆ ಕೂತು, ಬ್ಯಾಗಿನಿಂದ ತನ್ನ ಕಾಡಿಗೆ ಕಡ್ಡಿ ತೆಗೆದು ಎಲೆಗೊಂದು ಬೊಟ್ಟಿಟ್ಟಳು. ಮೊಬೈಲ್ ಹಿಡಿದಳು. 'ರೋಗವಿಲ್ಲ' ಎಂದಿತು.

"ಇದು ಶುಂಠಿ ನೋಡೇ ಇಲ್ಲ ಕಣೇ ಸುಧಾ. ಬೊಟ್ಟು ನೋಡ್ಕೊಂಡು ಕೂತಿತ್ತು" ಎಂದಳು.

ಅವಳ ಮಾರ್ಗದರ್ಶಕರು ಕೆಟ್ಟವರಲ್ಲ. "ಎಲ್ಲರ ಡೇಟಾದಲ್ಲೂ ಇಂಥದ್ದು ಒಂದಿರುತ್ತಮ್ಮ. ಮೊದಲು ಡಿಗ್ರಿ ತಗೊಳ್ಳಿ, ಆಮೇಲೆ ಸರಿಮಾಡಿ" ಎಂದರು. ಅವಳು ಪ್ರಬಂಧವನ್ನು ಹಿಂತೆಗೆದುಕೊಂಡಳು. ಮಾದೇವಮ್ಮ ಕೆಲವು ದಿನ ಮಗಳ ಜೊತೆ ಮಾತು ಬಿಟ್ಟರು.

ಮುಂದಿನ ಮಳೆಗಾಲ ಮತ್ತೆ ಫೋಟೊ. ಈ ಸಲ ರೋಗದ ಗಿಡಕ್ಕೂ ಬೊಟ್ಟಿಡಿ ಎಂದು ತಿಮ್ಮಮ್ಮನನ್ನು ಕೇಳಿದಳು.

"ಕಾಯ್ಲೆ ಬಿದ್ದಿರದ್ಕೆ ಯಾವೋಳು ಕಣ್ಣಾಕ್ತಾಳೆ? ತಲೆ ನೆಟ್ಗದಾ ನಿಂಗೆ?"

"ಪೋನಿನ ಕಣ್ಣು ತಾನೆ ಅಜ್ಜಿ ನಿಮಗೆ ಭಯ? ಅದಕ್ಕೇ ಇಡಿ, ಎಲೆ ಬಿಡಿ" ಎಂದು ನೀಲ ಮೊಬೈಲ್ ಚಾಚಿದಳು. ತಿಮ್ಮಮ್ಮ ಸ್ವಲ್ಪ ಯೋಚಿಸಿ ಅದರ ಬೆನ್ನಿಗೆ ದಪ್ಪಗೆ ಮಸಿ ಬಳಿದರು. ಆಮೇಲೆ ಎಲ್ಲ ಊರಲ್ಲೂ ಅದೇ ಏರ್ಪಾಡು.

ಹೊಸ ಫೋಟೊಗಳಿಂದ ಕಲಿತಾಗ ಸರಿ ಬಂದದ್ದು ನೂರಕ್ಕೆ ಎಂಬತ್ತೊಂದು. ಥೀಸಿಸ್ಸಿನಲ್ಲಿ ಅದನ್ನೇ ಬರೆದಳು. ಮೊದಲಿನ ತೊಂಬತ್ತಾರು ಹೇಗೆ ಬಂದಿತ್ತು ಎಂಬುದಕ್ಕೇ ಒಂದು ಅಧ್ಯಾಯ ಕೊಟ್ಟಳು. ಒಪ್ಪಿಸಿ, ಮೌಖಿಕ ಪರೀಕ್ಷೆಯ ದಿನ ಗೊತ್ತಾಗಲೆಂದು ಕಾಯುತ್ತಿದ್ದಳು. ಅಷ್ಟರಲ್ಲಿ ಹೀಗಾಯಿತು.

ಶಿವಗಣಾರಾಧನೆಯ ಕಾರ್ಡಿಗೆ ಅವಳ ಚಿಕ್ಕಪ್ಪ 'ಡಾ. ನೀಲಾಂಬಿಕೆ' ಎಂದು ಬರೆಸಿದ್ದರು. ಅಚ್ಚಿಗೆ ಮುಂಚಿನ ಪ್ರತಿ ನನ್ನ ಕೈಗೆ ಬಂತು. ಇರಲಿ ಎಂದೇ ನನಗನ್ನಿಸಿತು. ಮಾದೇವಮ್ಮನಿಗೆ ಓದಿ ಹೇಳಿದೆ.

"ಆ ಪರೀಕ್ಸೆ ಆಗಿತ್ತಾ ಸುಧಾ?"

"ಇಲ್ಲಮ್ಮ. ಆಗಿದ್ದಿದ್ರೆ ಪಾಸಾಗ್ತಿದ್ಳು."

"ಅದ್ ನಂಗೊತ್ತು. ಆಗಿರ್ನಿಲ್ವಲ್ಲ." ಕಾಗದವನ್ನು ಇಸಿದುಕೊಂಡು ಮಗಳ ಹೆಸರಿನ ಮೇಲೆ ಬೆರಳಾಡಿಸಿದರು. "ತೆಗೆಸ್ಬುಡವ್ವ. ಅಷ್ಟ್ ಕಷ್ಟಪಟ್ಟು ದಿಟ ಬರ್ದವ್ಳೆ."

ಬರೀ ನೀಲಾಂಬಿಕೆ ಎಂದೇ ಅಚ್ಚಾಯಿತು. ಆರಾಧನೆಗೆ ಬಂದವರಲ್ಲಿ ಒಬ್ಬಿಬ್ಬರು, "ಡಾಕ್ಟ್ರಾಗಿರ್ನಿಲ್ವಾ?" ಎಂದು ಕೇಳಿದರು. ಒಂದು ಪರೀಕ್ಷೆ ಬಾಕಿ ಇತ್ತು ಎಂದೆ.